ಜಲಪ್ರಳಯ ತೊಳೆದುದೇನು?

ಯೆಹೂದ್ಯರಿಗೂ ಕ್ರೈಸ್ತರಿಗೂ ಪೂಜ್ಯವಾದ ಬೈಬಲ್ಲಿನ ಮೊದಲ ಪುಸ್ತಕವನ್ನು ಕನ್ನಡದಲ್ಲಿ ಆದಿಕಾಂಡವೆಂದು ಕರೆಯುತ್ತಾರೆ. ಅದರ ಆರನೆಯ ಅಧ್ಯಾಯದಿಂದ ಒಂಬತ್ತನೆಯ ಅಧ್ಯಾಯದವರೆಗೆ ನೋಹನ ಕಥೆಯಿದೆ. ಲೋಕದಲ್ಲಿ ಕೆಡುಕು ಮಿತಿಮೀರಿತು. ಮನುಷ್ಯನನ್ನು ಉಂಟುಮಾಡಿದುದಕ್ಕಾಗಿ ದೇವರು ಮನನೊಂದು, ಮನುಷ್ಯರನ್ನೂ ಪಶುಪಕ್ಷಿಗಳನ್ನೂ ಭೂಮಿಯ ಮೇಲಿನಿಂದ ಅಳಿಸಿಬಿಡಲು ನಿಶ್ಚಯಿಸಿದನು. ಆ ತಲೆಮಾರಿನಲ್ಲಿ ನೋಹನೊಬ್ಬನೇ ನೀತಿವಂತನಾಗಿ ಕಂಡನು. ಆಜ್ಞೆಯಂತೆ ಅವನು ೩೦೦ ಮೊಳ ಉದ್ದ, ೫೦ ಮೊಳ ಅಗಲ, ೩೦ ಮೊಳ ಎತ್ತರದ ಮೂರು ಅಂತಸ್ತಿನ ನಾವೆಯನ್ನು ಕಟ್ಟಿ, ಹೆಂಡತಿ, ಮೂವರು ಮಕ್ಕಳು, ಮೂವರು ಸೊಸೆಯರೊಡನೆಯೂ ಎಲ್ಲ ಜಾತಿಯ ಪ್ರಾಣಿಗಳ ಜೋಡಿಗಳೊಡನೆಯೂ ಅದನ್ನು ಹೊಕ್ಕನು. ೪೦ ದಿನ ೪೦ ರಾತ್ರಿ ಮಳೆ ಸುರಿಯಿತು. ೧೫೦ ದಿನಗಳವರೆಗೆ ನೀರು ಇಳಿಯಲಿಲ್ಲ. ನಾವೆಯೊಳಗಿನವರು ಹೊರತು ನೆಲದ ಮೇಲೆ ಉಸಿರಾಡುವ ಪ್ರತಿಯೊಂದು ಜೀವವೂ ನಾಶವಾಯಿತು. ನೋಹನು ನಾವೆಯನ್ನು ಹೊಕ್ಕ ದಿನದಿಂದ ನೆಲ ಒಣಗುವವರೆಗೆ ಒಂದು ವರ್ಷದ ಮೇಲೆ ಹತ್ತು ದಿನ ಕಳೆದುವೆಂದು ಗ್ರಂಥವು ತಿಥಿಸಮೇತವಾಗಿ ಲೆಕ್ಕ ಕೊಡುತ್ತದೆ.

ಸೃಷ್ಟಿಕರ್ತನನ್ನಾಗಲಿ, ಜೀವಿಗಳಿಗೆ ದಂಡನೆ ವಿಧಿಸುವ ಒಡೆಯನನ್ನಾಗಲಿ ಒಪ್ಪದೆ, ಮಾಡಿದ ಕರ್ಮವೇ ಮಾಡಿದವನಿಗೆ ಫಲ ಕೊಡುವುದೆಂದು ನಂಬಿ ಬಂದ ಮನೆತನಗಳ ವಾಚಕರಿಗೆ ಈ ಕಥೆಯ ವಿಚಾರಣೆ ಅನಾವಶ್ಯಕವೆಂದು ತೋರಬಹುದು. ಆದರೆ ದಂಡನೆಯಿಂದ ಜೀವವು ತಿದ್ದಿಕೊಳ್ಳುವುದೇ ಎಂಬ ಪ್ರಶ್ನೆ ಯಾವ ಒಂದು ಮತಕ್ಕೂ ಮೀಸಲಾದುದಲ್ಲ. ಮಗನನ್ನು ಹೊಡೆಯುವ ತಂದೆಗೂ, ಅಪರಾಧಿಯನ್ನು ಗಲ್ಲಿಗೇರಿಸುವ ರಾಜ್ಯಕ್ಕೂ ಆ ಪ್ರಶ್ನೆ ಅಂಟಿಯೇ ಇದೆ. ಅಷ್ಟಲ್ಲದೆ, ಪರಮತದ ಗ್ರಂಥವನ್ನು ಪರೀಕ್ಷಿಸುವಾಗ ಅದರ ಸ್ವಂತ ಮಾತುಗಳಿಂದಲೇ ಅದನ್ನು ಅಳೆಯುವುದು ನ್ಯಾಯ. ದೇವರಿರುವನೇ ಇಲ್ಲವೇ, ಲೋಕವೆಲ್ಲ ಮುಳುಗಿದುದು ನಿಜವೇ ಎಂಬ ವಾದಗಳನ್ನು ಇಲ್ಲಿ ಬದಿಗಿಡಬಹುದು. ಭೂಮಂಡಲವನ್ನೆಲ್ಲ ಏಕಕಾಲಕ್ಕೆ ಮುಳುಗಿಸಿದ ಪ್ರವಾಹದ ಗುರುತು ಭೂಗರ್ಭಶಾಸ್ತ್ರಜ್ಞರಿಗೆ ದೊರೆತಿಲ್ಲವೆಂಬಷ್ಟನ್ನು ಹೇಳಿದರೆ ಸಾಕು. ಕಥೆಯನ್ನು ಕಥೆಯಾಗಿಯೇ ಅಂಗೀಕರಿಸಿ, ಯಾವ ಉದ್ದೇಶಕ್ಕಾಗಿ ಈ ದಂಡನೆ ನಡೆಯಿತೋ ಆ ಉದ್ದೇಶವು ನೆರವೇರಿತೇ ಎಂದು ಮಾತ್ರ ಕೇಳಬೇಕಾಗಿದೆ.

ಉದ್ದೇಶವನ್ನು ಊಹಿಸಬೇಕಾಗಿಲ್ಲ. ಭೂಲೋಕವು ಹಿಂಸೆಯಿಂದ ತುಂಬಿಹೋಯಿತೆಂಬುದೇ ಸಂಹಾರಕ್ಕೆ ಕಾರಣವೆಂದು ಆದಿಕಾಂಡವು ಸ್ಪಷ್ಟವಾಗಿ ಹೇಳುತ್ತದೆ. ಮೂಲ ಹೀಬ್ರೂ ಭಾಷೆಯಲ್ಲಿ ಅಲ್ಲಿರುವ ಶಬ್ದಕ್ಕೆ ಬಲಾತ್ಕಾರ, ಅನ್ಯಾಯವಾಗಿ ಕಿತ್ತುಕೊಳ್ಳುವಿಕೆ, ಪೀಡೆ ಎಂಬ ಅರ್ಥಗಳೂ ಸೇರಿವೆ. ವಾಚಕರು ಈ ಶಬ್ದವನ್ನು ನೆನಪಿನಲ್ಲಿಡಬೇಕು. ಮುಂದೆ ಬೇರೊಂದು ಕಥೆಯಲ್ಲಿ ಅದೇ ಶಬ್ದವು ಮತ್ತೆ ಬರುವುದು. ಅಂದಮೇಲೆ ಜಲಪ್ರಳಯವು ಹಿಂಸೆಯನ್ನು ತೊಳೆಯಲು ಸುರಿದ ನೀರು. ಕೇವಲ ಕೋಪದ ಕಥೆ ಇದಲ್ಲ. ಹಿಂಸೆಯನ್ನು ಕಂಡು ಸಹಿಸಲಾರದವನೊಬ್ಬನು ಹಿಂಸೆಯಿಂದಲೇ ಅದನ್ನು ಕೊನೆಗಾಣಿಸಲು ಹೊರಟ ಕಥೆ.

ಫಲವೇನಾಯಿತೆಂಬುದಕ್ಕೆ ದಂಡಿಸಿದವನ ಸಾಕ್ಷ್ಯವೇ ಇದೆ. ಆರನೆಯ ಅಧ್ಯಾಯದಲ್ಲಿ, ಮನುಷ್ಯನ ಹೃದಯದ ಆಲೋಚನೆಗಳೆಲ್ಲ ಸದಾ ಕೆಟ್ಟವಾಗಿಯೇ ಇರುವುದನ್ನು ದೇವರು ಕಂಡನು. ಆದುದರಿಂದ ಲೋಕವನ್ನು ಅಳಿಸಲು ನಿಶ್ಚಯಿಸಿದನು. ಎಂಟನೆಯ ಅಧ್ಯಾಯದಲ್ಲಿ ನೀರು ಇಳಿದಿದೆ. ನೋಹನು ಯಜ್ಞವೇದಿಯನ್ನು ಕಟ್ಟಿ, ಅಷ್ಟು ದಿನ ಕಾಪಾಡಿ ತಂದ ಶುದ್ಧ ಪಶುಪಕ್ಷಿಗಳಲ್ಲಿಯೇ ಕೆಲವನ್ನು ಸರ್ವಾಂಗಹೋಮ ಮಾಡಿದ್ದಾನೆ. ಆಗ ದೇವರು ತನ್ನೊಳಗೆ ಅಂದುಕೊಂಡ ಮಾತಿನ ಸಾರವಿದು: ಮನುಷ್ಯನ ಹೃದಯದ ಆಲೋಚನೆ ಚಿಕ್ಕಂದಿನಿಂದಲೇ ಕೆಟ್ಟದ್ದು, ಆದುದರಿಂದ ಇನ್ನೆಂದಿಗೂ ಹೀಗೆ ಸಂಹರಿಸುವುದಿಲ್ಲ. ಸಂಹಾರಕ್ಕೆ ಕೊಟ್ಟ ಕಾರಣವೂ ಸಂಹಾರವನ್ನು ಬಿಟ್ಟುದಕ್ಕೆ ಕೊಟ್ಟ ಕಾರಣವೂ ಒಂದೇ. ನಡುವೆ ಒಂದು ಲೋಕವೇ ಮುಳುಗಿಹೋಗಿದೆ. ಆದರೆ ಹೃದಯದ ವಿಷಯದಲ್ಲಿ ಹೇಳುವ ಮಾತು ಬದಲಾಗಿಲ್ಲ. ಬದಲಾದದ್ದು ದಂಡಿಸುವವನ ಸಂಕಲ್ಪ. ಈ ಕಥೆಯಲ್ಲಿ ಯಾರಾದರೂ ಪಾಠ ಕಲಿತಿದ್ದರೆ ಕಲಿತವನು ದೇವರೇ ಎನ್ನಬೇಕಾಗುತ್ತದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ನೀರು ದ್ರವ್ಯವನ್ನು ಮುಟ್ಟಿತು, ಭಾವವನ್ನು ಮುಟ್ಟಲಿಲ್ಲ.

ಅದಕ್ಕಿಂತಲೂ ಮನಸ್ಸನ್ನು ಕಲಕುವ ಸಂಗತಿ ಒಂಬತ್ತನೆಯ ಅಧ್ಯಾಯದ ಆರಂಭದಲ್ಲಿದೆ. ಸೃಷ್ಟಿಯ ಮೊದಲ ಅಧ್ಯಾಯದಲ್ಲಿ ಮನುಷ್ಯರಿಗೂ ಮೃಗಗಳಿಗೂ ಆಹಾರವಾಗಿ ಕೊಟ್ಟುದು ಬೀಜ ಬಿಡುವ ಸಸ್ಯ, ಹಣ್ಣಿನ ಮರ, ಹಸುರಾದ ಪೈರು ಮಾತ್ರ. ಅಲ್ಲಿ ಮಾಂಸದ ಹೆಸರಿಲ್ಲ. ಪ್ರಳಯವಾದ ಮೇಲೆ, ಚಲಿಸುವ ಸಮಸ್ತ ಪ್ರಾಣಿಗಳೂ ನಿಮಗೆ ಆಹಾರವಾಗಲಿ, ರಕ್ತವೊಂದನ್ನು ಮಾತ್ರ ಬಿಡಿ ಎಂದು ಅನುಮತಿ ದೊರೆಯುತ್ತದೆ. ಇನ್ನು ಮೇಲೆ ಎಲ್ಲ ಮೃಗಪಕ್ಷಿಗಳಿಗೂ ನಿಮ್ಮ ಭಯವಿರುವುದು ಎಂಬ ಮಾತೂ ಅದರ ಜೊತೆಗೆ ಬರುತ್ತದೆ. ಒಂದೇ ನಾವೆಯಲ್ಲಿ ಒಂದು ವರ್ಷ ಕೂಡಿ ಬಾಳಿ, ಒಬ್ಬನ ಕೈಯಿಂದಲೇ ಮೇವು ತಿಂದ ಪ್ರಾಣಿಗಳು ಹೊರಗೆ ಕಾಲಿಟ್ಟಾಗ ಅವುಗಳಿಗೆ ದೊರೆತುದು ಈ ಭಯ. ಇದು ಮನುಷ್ಯನ ದೌರ್ಬಲ್ಯಕ್ಕಾಗಿ ಮಾಡಿಕೊಟ್ಟ ಸಡಿಲಿಕೆಯೆಂದು ಯೆಹೂದ್ಯ ಪಂಡಿತರಲ್ಲಿ ಕೆಲವರು ಹೇಳಿರುವುದುಂಟು. ಇರಬಹುದು. ಆದರೆ ಹಿಂಸೆಯನ್ನು ಅಳಿಸಲು ಬಂದ ನೀರು ಇಳಿದ ಮೇಲೆ, ಮೊದಲಿಲ್ಲದ ಒಂದು ಹಿಂಸೆಗೆ ಅಪ್ಪಣೆಯ ಚೀಟಿ ದೊರೆಯಿತೆಂಬುದನ್ನು ಗ್ರಂಥವೇ ಮರೆಮಾಡದೆ ಬರೆದಿಟ್ಟಿದೆ.

ಉಳಿದ ಎಂಟು ಮಂದಿಯ ಸಂಸಾರವಾದರೂ ಸುಖವಾಗಿ ನಡೆಯಿತೇ? ನೋಹನು ದ್ರಾಕ್ಷಿಯ ತೋಟ ಮಾಡಿ, ಅದರ ರಸ ಕುಡಿದು ಅಮಲೇರಿ, ಗುಡಾರದಲ್ಲಿ ಮೈಮೇಲೆ ಬಟ್ಟೆಯಿಲ್ಲದೆ ಬಿದ್ದನು. ಮಗನಾದ ಹಾಮನು ಅದನ್ನು ಕಂಡು ಹೊರಗೆ ಬಂದು ಹೇಳಿದನು. ಶೇಮ್, ಯೆಫೆತರೆಂಬ ಇನ್ನಿಬ್ಬರು ಮುಖ ತಿರುಗಿಸಿಕೊಂಡು ಹಿಂದುಹಿಂದಾಗಿ ನಡೆದು ತಂದೆಗೆ ವಸ್ತ್ರ ಹೊದಿಸಿದರು. ಎಚ್ಚರಗೊಂಡ ನೋಹನು ಶಾಪ ಕೊಟ್ಟುದು ಹಾಮನಿಗಲ್ಲ, ಹಾಮನ ಮಗನಾದ ಕಾನಾನನಿಗೆ: ಅವನು ತನ್ನ ಬಂಧುಗಳಿಗೆ ದಾಸಾನುದಾಸನಾಗಲಿ ಎಂದು. ಇಲ್ಲಿ ಸೂಕ್ಷ್ಮವಾದ ಒಂದು ವಿಷಯವಿದೆ. ನಾವೆ ಕಟ್ಟುವಾಗ, ಜನ ಮುಳುಗುವಾಗ, ಕಾಗೆಯನ್ನೂ ಪಾರಿವಾಳವನ್ನೂ ಹೊರಗೆ ಬಿಡುವಾಗ, ಹೋಮ ಮಾಡುವಾಗ ನೋಹನು ಆಡಿದ ಒಂದು ಮಾತನ್ನೂ ಆದಿಕಾಂಡವು ದಾಖಲಿಸಿಲ್ಲ. ಅವನ ಬಾಯಿಂದ ಹೊರಟುದಾಗಿ ಗ್ರಂಥದಲ್ಲಿ ಕಾಣುವ ಮೊದಲ ಮಾತೇ ಈ ಶಾಪ. ತಪ್ಪು ಮಾಡಿದವನನ್ನು ಬಿಟ್ಟು ಅವನ ಸಂತಾನವನ್ನು ದಂಡಿಸುವ ರೀತಿಯನ್ನು ಅವನು ಎಲ್ಲಿ ಕಲಿತನೆಂದು ಕೇಳಿದರೆ ಉತ್ತರ ಕಷ್ಟವಲ್ಲ. ಆ ಶಾಪದ ಬಾಲ ಎಷ್ಟು ಉದ್ದವಾಯಿತೆಂದರೆ, ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಅಮೆರಿಕದ ಗುಲಾಮಗಿರಿಯ ಸಮರ್ಥಕರು ಆಫ್ರಿಕದ ಜನ ಹಾಮನ ವಂಶದವರು, ದಾಸ್ಯವು ಅವರಿಗೆ ದೈವವಿಧಿ ಎಂದು ವೇದಿಕೆಯೇರಿ ಬೋಧಿಸಿದರು. ಗ್ರಂಥದಲ್ಲಿ ಮೈಬಣ್ಣದ ಪ್ರಸ್ತಾಪವೇ ಇಲ್ಲವೆಂಬುದು ಅವರಿಗೆ ಅಡ್ಡಿಯಾಗಲಿಲ್ಲ.

ಪ್ರಳಯವನ್ನು ಸಮರ್ಥಿಸುವವರು ಒಂದು ಪ್ರಶ್ನೆಯ ಮುಂದೆ ಯಾವಾಗಲೂ ತಡವರಿಸಿದ್ದಾರೆ: ಪಶುಪಕ್ಷಿಗಳು ಮಾಡಿದ ಪಾಪವೇನು? ಯೆಹೂದ್ಯರ ತಲ್ಮೂದಿನಲ್ಲಿ ಇದಕ್ಕೆ ಒಂದು ದೃಷ್ಟಾಂತವಿದೆ. ತಂದೆಯೊಬ್ಬನು ಮಗನ ಮದುವೆಗೆಂದು ಮಂಟಪ ಕಟ್ಟಿಸಿ ಭಕ್ಷ್ಯಭೋಜ್ಯಗಳನ್ನು ಅಣಿಮಾಡಿದನು. ಮಗನು ತೀರಿಹೋದನು. ಯಾರಿಗಾಗಿ ಇದೆಲ್ಲ ಎಂದು ತಂದೆಯು ಮಂಟಪವನ್ನು ಮುರಿದುಹಾಕಿದನು. ಮನುಷ್ಯನಿಗಾಗಿಯೇ ಪ್ರಾಣಿಗಳು, ಮನುಷ್ಯನಿಲ್ಲದ ಮೇಲೆ ಅವು ಏತಕ್ಕೆ ಎಂದು ಇದರ ತಾತ್ಪರ್ಯ. ದೃಷ್ಟಾಂತದಲ್ಲಿ ಪುತ್ರಶೋಕದ ಆರ್ದ್ರತೆಯಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಮಂಟಪದ ಕಂಬಕ್ಕೆ ನೋವಿಲ್ಲ, ಜಿಂಕೆಗಿದೆ. ಪ್ರತಿಯೊಂದು ಜೀವವೂ ತನ್ನದೇ ಸುಖದುಃಖಗಳನ್ನು ಹೊತ್ತುಕೊಂಡಿದೆ, ಯಾವುದೂ ಇನ್ನೊಂದರ ಮದುವೆಯ ಅಲಂಕಾರವಲ್ಲ ಎಂದು ಬಾಲ್ಯದಲ್ಲಿಯೇ ಕಲಿತವರಿಗೆ ಈ ಸಮಾಧಾನ ಸಾಲದು. ತೊಟ್ಟಿಲಿನ ಕೂಸುಗಳ ವಿಷಯದಲ್ಲಿಯಂತೂ ಈ ದೃಷ್ಟಾಂತವೂ ನೆರವಿಗೆ ಬಾರದು.

ಇದು ಕೇವಲ ಹಳೆಯ ಗ್ರಂಥದ ಪ್ರಶ್ನೆಯೆಂದು ತಿಳಿಯಬಾರದು. ೧೯೩೪ರ ಜನವರಿ ೧೫ರಂದು ಬಿಹಾರದಲ್ಲಿ ಭಯಂಕರ ಭೂಕಂಪವಾಗಿ ಸಾವಿರಾರು ಮಂದಿ ಮಡಿದಾಗ, ಅದು ಅಸ್ಪೃಶ್ಯತೆಯ ಪಾಪಕ್ಕಾಗಿ ಬಂದ ದೈವೀ ಶಿಕ್ಷೆಯೆಂದು ಮಹಾತ್ಮಾ ಗಾಂಧಿಯವರು ನುಡಿದರು. ಅಸ್ಪೃಶ್ಯತೆಯನ್ನು ಅವರಷ್ಟೇ ಖಂಡಿಸುತ್ತಿದ್ದ ರವೀಂದ್ರನಾಥ ಠಾಕೂರರು ಈ ಮಾತನ್ನು ಬಹಿರಂಗವಾಗಿ ವಿರೋಧಿಸಿದರು. ಗಾಂಧಿಯವರು ಆ ವಿರೋಧವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿ ಉತ್ತರ ಕೊಟ್ಟರು. ಗಾಂಧಿಯವರ ಪಶ್ಚಾತ್ತಾಪದ ಕರೆ ಎಷ್ಟು ಪ್ರಾಮಾಣಿಕವಾಗಿದ್ದರೂ, ನೆಲ ನಡುಗಿದಾಗ ಮೇಲಿನವನ ಮಾಳಿಗೆಯೂ ಅಸ್ಪೃಶ್ಯನ ಗುಡಿಸಲೂ ಕೂಡಿಯೇ ಕುಸಿದುವು. ಯಾರ ಮೇಲೆ ಅನ್ಯಾಯ ನಡೆದಿತ್ತೋ ಅವರೇ ಆ ಅನ್ಯಾಯದ ದಂಡನೆಯಲ್ಲಿ ಪಾಲುಗೊಂಡರು. ನೋಹನ ಕಾಲದ ಲೋಕದಲ್ಲಿಯೂ ಹಿಂಸೆ ಮಾಡಿದವರೊಡನೆ ಹಿಂಸೆಯನ್ನು ಅನುಭವಿಸಿದವರೂ ಮುಳುಗಿದರಷ್ಟೆ.

ಪ್ರತಿಪಕ್ಷದ ಮಾತನ್ನೂ ಸರಿಯಾಗಿ ಕೇಳಬೇಕು. ಮನುಷ್ಯನನ್ನು ತಿದ್ದುವುದು ಪ್ರಳಯದ ಗುರಿಯಾಗಿರಲೇ ಇಲ್ಲ, ಹೊಸದೊಂದು ವ್ಯವಸ್ಥೆಗೆ ನೆಲವನ್ನು ಹಸನುಮಾಡುವುದೇ ಗುರಿಯಾಗಿತ್ತು ಎಂದು ಹೇಳುವವರಿದ್ದಾರೆ. ಅದರಲ್ಲಿ ಹುರುಳಿಲ್ಲದಿಲ್ಲ. ಪ್ರಳಯದ ನಂತರ ದೇವರು ನೋಹನೊಡನೆ ಮಾತ್ರವಲ್ಲ, ಸಮಸ್ತ ಜೀವರಾಶಿಯೊಡನೆಯೂ ಒಡಂಬಡಿಕೆ ಮಾಡಿಕೊಂಡು, ಮಳೆಬಿಲ್ಲನ್ನು ಅದರ ಗುರುತಾಗಿ ಮುಗಿಲಿನಲ್ಲಿಟ್ಟನು. ಮನುಷ್ಯನ ರಕ್ತ ಸುರಿಸಿದವನಿಗೆ ಮನುಷ್ಯರೇ ದಂಡನೆ ಕೊಡಲಿ ಎಂಬ ನಿಯಮವೂ ಆಗಲೇ ಬಂದಿತು. ಇದರ ಆಧಾರದ ಮೇಲೆ ಯೆಹೂದ್ಯ ಆಚಾರ್ಯರು ಎಲ್ಲ ಮನುಷ್ಯರಿಗೂ ಅನ್ವಯಿಸುವ ಏಳು ಕಟ್ಟಳೆಗಳನ್ನು ಎಣಿಸಿದರು. ನ್ಯಾಯಸ್ಥಾನಗಳನ್ನು ಸ್ಥಾಪಿಸಬೇಕೆಂಬುದು ಅವುಗಳಲ್ಲೊಂದು, ಬದುಕಿರುವ ಪ್ರಾಣಿಯ ಅಂಗವನ್ನು ಕಿತ್ತು ತಿನ್ನಕೂಡದೆಂಬುದು ಇನ್ನೊಂದು. ಲೋಕಕ್ಕೆಲ್ಲ ಒಂದೇ ದಂಡನೆಯೆಂಬಲ್ಲಿಂದ ಅಪರಾಧಿಗೆ ಅವನ ಅಪರಾಧಕ್ಕೆ ತಕ್ಕ ದಂಡನೆಯೆಂಬಲ್ಲಿಗೆ ಬಂದುದು ದೊಡ್ಡ ನಡೆಯೇ ಸರಿ. ಆದರೂ ಈ ವಿವೇಕಕ್ಕಾಗಿ ಒಂದು ಲೋಕದ ಪ್ರಾಣ ತೆಗೆಯಬೇಕಾಗಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಪ್ರಳಯ ಮಾಡುವುದಿಲ್ಲವೆಂಬ ಪ್ರತಿಜ್ಞೆ ನೀರಿಗೆ ಸಂಬಂಧಿಸಿದುದು. ಕೆಲವೇ ಅಧ್ಯಾಯಗಳ ಮುಂದೆ ಸೊದೋಮ್ ಗೊಮೋರಗಳ ಮೇಲೆ ಬೆಂಕಿ ಸುರಿಯುತ್ತದೆ. ಅಲ್ಲಿ ಒಂದು ವ್ಯತ್ಯಾಸವಿದೆ. ನೋಹನಂತೆ ಅಬ್ರಹಾಮನು ಸುಮ್ಮನಿರಲಿಲ್ಲ. ಐವತ್ತು ಮಂದಿ ನೀತಿವಂತರಿದ್ದರೆ ಊರನ್ನು ಉಳಿಸುವೆಯಾ ಎಂದು ಮೊದಲು ಮಾಡಿ, ಹತ್ತಕ್ಕೆ ಇಳಿಯುವವರೆಗೂ ದೇವರೊಡನೆ ವಾದಿಸಿದನು.

ಇದೇ ತಕರಾರು ಇನ್ನೂ ಹಿಂದಿನದೆಂಬುದು ೧೮೭೨ರಲ್ಲಿ ಲೋಕಕ್ಕೆ ತಿಳಿಯಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಜಾರ್ಜ್ ಸ್ಮಿತ್ ಎಂಬ ವಿದ್ವಾಂಸನು, ಪ್ರಾಚೀನ ನಿನೆವೆ ನಗರದ ಗ್ರಂಥಭಂಡಾರದಿಂದ ಅಗೆದು ತಂದ ಜೇಡಿಮಣ್ಣಿನ ಫಲಕಗಳಲ್ಲಿ ಇಂಥದೇ ಪ್ರಳಯದ ಕಥೆಯನ್ನು ಓದಿದನು. ಅದು ಗಿಲ್ಗಮೇಶನ ಮಹಾಕಾವ್ಯದ ಹನ್ನೊಂದನೆಯ ಫಲಕ. ಅಲ್ಲಿ ಎನ್ಲಿಲ್ ಎಂಬ ದೇವತೆಯು ಪ್ರಳಯವನ್ನು ಬರಿಸಿದ ಮೇಲೆ ಏಯಾ ಎಂಬ ಮತ್ತೊಬ್ಬ ದೇವತೆಯು ಅವನನ್ನು ಆಕ್ಷೇಪಿಸುತ್ತಾನೆ: ಪಾಪಿಯ ಪಾಪವನ್ನು ಪಾಪಿಯ ಮೇಲೆಯೇ ಹೊರಿಸಬೇಕಾಗಿತ್ತು, ವಿಚಾರವಿಲ್ಲದೆ ಎಲ್ಲರನ್ನೂ ಮುಳುಗಿಸಬಹುದಾಗಿತ್ತೇ ಎಂಬುದು ಆ ಆಕ್ಷೇಪದ ಭಾವ. ಪ್ರಳಯದ ಕಥೆ ಹುಟ್ಟಿದ ನಾಡಿನಲ್ಲಿಯೇ ಅದರ ಧರ್ಮಾಧರ್ಮದ ಶಂಕೆಯೂ ಹುಟ್ಟಿತ್ತು.

ಆ ನಿನೆವೆ ನಗರವೇ ಬೈಬಲ್ಲಿನ ಇನ್ನೊಂದು ಕಥೆಗೆ ರಂಗಸ್ಥಳ. ವ್ರತೋಪವಾಸಗಳಲ್ಲಿ ಆಸಕ್ತರಾದವರು ಈ ಕಥೆಯ ಬಳಿ ತುಸು ಹೆಚ್ಚು ಹೊತ್ತು ನಿಲ್ಲಬೇಕು. ಯೋನನೆಂಬ ಪ್ರವಾದಿಯು ಆ ಊರಿಗೆ ಹೋಗಲೊಲ್ಲದೆ ಹಡಗು ಹತ್ತಿ ಓಡಿ, ಸಮುದ್ರಕ್ಕೆ ಎಸೆಯಲ್ಪಟ್ಟು, ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದು, ಕೊನೆಗೆ ಅಲ್ಲಿಗೇ ಬಂದು ಸಾರಿದನು: ಇನ್ನು ೪೦ ದಿನಗಳಲ್ಲಿ ನಿನೆವೆಯು ಕೆಡವಲ್ಪಡುವುದು. ಹೀಬ್ರೂ ಮೂಲದಲ್ಲಿ ಈ ಉಪದೇಶವೆಲ್ಲ ಐದೇ ಶಬ್ದಗಳು. ನೋಹನ ಕಾಲದಲ್ಲಿ ೪೦ ದಿನ ಮಳೆ ಸುರಿದಿತ್ತು. ಇಲ್ಲಿ ೪೦ ದಿನಗಳ ಅವಧಿ ಕೊಡಲಾಯಿತು. ಜನರು ಉಪವಾಸವನ್ನು ಸಾರಿದರು. ಅರಸನು ಸಿಂಹಾಸನದಿಂದಿಳಿದು, ರಾಜವಸ್ತ್ರವನ್ನು ತೆಗೆದಿಟ್ಟು, ಗೋಣಿತಟ್ಟು ಸುತ್ತಿಕೊಂಡು ಬೂದಿಯಲ್ಲಿ ಕುಳಿತನು. ಮನುಷ್ಯರಾಗಲಿ ದನಕುರಿಗಳಾಗಲಿ ಏನನ್ನೂ ತಿನ್ನದಿರಲಿ, ನೀರನ್ನೂ ಕುಡಿಯದಿರಲಿ. ಪ್ರತಿಯೊಬ್ಬನೂ ತನ್ನ ಕೆಟ್ಟ ನಡತೆಯನ್ನೂ ತನ್ನ ಕೈಯಲ್ಲಿರುವ ಹಿಂಸೆಯನ್ನೂ ಬಿಟ್ಟುಬಿಡಲಿ ಎಂದು ಅಪ್ಪಣೆ ಮಾಡಿದನು. ಇಲ್ಲಿ ಹಿಂಸೆ ಎಂಬಲ್ಲಿ ಮೂಲದಲ್ಲಿರುವುದು ಪ್ರಳಯಕ್ಕೆ ಕಾರಣವಾದ ಅದೇ ಶಬ್ದ. ಇಡೀ ಲೋಕವನ್ನು ಮುಳುಗಿಸಿದರೂ ಹೋಗದಿದ್ದುದನ್ನು ಒಂದು ಊರಿನ ಜನ ತಮ್ಮ ಕೈಯಿಂದ ತಾವೇ ಕೆಳಗಿಟ್ಟರು. ಹೀಗೆ ಮಾಡಿದರೆ ಉಳಿಯುವೆವೆಂಬ ಭರವಸೆಯನ್ನೂ ಅವರಿಗೆ ಯಾರೂ ಕೊಟ್ಟಿರಲಿಲ್ಲ. ಯಾರಿಗೆ ಗೊತ್ತು, ದೇವರು ಮನಸ್ಸು ಬದಲಿಸಿಯಾನು ಎಂಬಷ್ಟೇ ಅರಸನ ಆಸೆ. ನಿನೆವೆ ಉಳಿಯಿತು.

ದನಕುರಿಗಳಿಗೂ ನೀರು ತಪ್ಪಿಸಿದ ಈ ಅಪ್ಪಣೆಯನ್ನು ಶ್ರಾವಕನೊಬ್ಬನು ಓದಿದರೆ ಹುಬ್ಬು ಗಂಟಿಕ್ಕದಿರನು. ಪ್ರತ್ಯಾಖ್ಯಾನದ ಸಂಕಲ್ಪ ಮಾಡದ ಕರುವಿಗೆ ಉಪವಾಸವೆಲ್ಲಿಯದು? ಅದು ಬರಿಯ ಹಸಿವು. ಅರಸರ ವ್ರತಗಳಲ್ಲಿ ಇಂತಹ ಅತಿರೇಕ ಎಲ್ಲ ನಾಡುಗಳಲ್ಲಿಯೂ ಕಂಡುಬರುವುದು. ಆದರೆ ಉಪವಾಸದ ಮರ್ಮವನ್ನು ಯೆಹೂದ್ಯ ಹಿರಿಯರು ತಪ್ಪದೆ ಹಿಡಿದರು. ಅವರ ಪ್ರಾಚೀನ ಧರ್ಮಸಂಹಿತೆಯಾದ ಮಿಷ್ನಾದಲ್ಲಿ ಸಾರ್ವಜನಿಕ ಉಪವಾಸದ ದಿನ ನಡೆಯಬೇಕಾದ ವಿಧಿಯೊಂದಿದೆ. ಊರಿನ ಹಿರಿಯನು ಎದ್ದು ನಿಂತು ಜನರಿಗೆ ಜ್ಞಾಪಿಸಬೇಕು: ನಿನೆವೆಯವರ ಗೋಣಿತಟ್ಟನ್ನು ಕಂಡನೆಂದಾಗಲಿ, ಅವರ ಉಪವಾಸವನ್ನು ಕಂಡನೆಂದಾಗಲಿ ಗ್ರಂಥವು ಹೇಳುವುದಿಲ್ಲ, ಅವರು ಕೆಟ್ಟ ಮಾರ್ಗವನ್ನು ಬಿಟ್ಟು ತಿರುಗಿಕೊಂಡ ಕೃತ್ಯವನ್ನು ದೇವರು ಕಂಡನೆಂದೇ ಹೇಳುತ್ತದೆ. ಹೊಟ್ಟೆ ಬರಿದಾಗಿದ್ದು ಕೈ ಬರಿದಾಗದಿದ್ದರೆ ಆ ಉಪವಾಸವನ್ನು ಅವರು ಲೆಕ್ಕಕ್ಕಿಡಲಿಲ್ಲ.

ಕಥೆಯಲ್ಲಿ ಅತೃಪ್ತನಾಗಿ ಉಳಿದವನು ಯೋನನೊಬ್ಬನೇ. ನಾಶವಾಗುವುದೆಂದು ತಾನು ಸಾರಿದ ಊರು ನಾಶವಾಗದೆ ಉಳಿದುದಕ್ಕೆ ಅವನು ಕೋಪಗೊಂಡು ಊರ ಹೊರಗೆ ಕುಳಿತನು. ದಂಡನೆಯನ್ನು ನೋಡಲು ಕಾದು ಕುಳಿತ ಈ ಮನುಷ್ಯನು ಯಾವ ಕಾಲದಲ್ಲಿಯೂ ಅಪರೂಪದವನಲ್ಲ. ಅವನಿಗೆ ನೆರಳು ಕೊಟ್ಟ ಗಿಡವೊಂದು ಒಂದೇ ರಾತ್ರಿಯಲ್ಲಿ ಬೆಳೆದು ಮಾರನೆಯ ದಿನ ಒಣಗಿಹೋಯಿತು. ಅದಕ್ಕಾಗಿ ಅವನು ಮರುಗಿದನು. ನೀನು ನೆಡದ, ಬೆಳೆಸದ ಗಿಡಕ್ಕಾಗಿ ಮರುಗುವೆಯಲ್ಲಾ, ಎಡಬಲ ತಿಳಿಯದ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನರೂ ಬಹಳ ದನಗಳೂ ಇರುವ ಈ ಊರಿಗಾಗಿ ನಾನು ಮರುಗಬಾರದೇ ಎಂದು ದೇವರು ಅವನನ್ನು ಕೇಳುವಲ್ಲಿಗೆ ಯೋನನ ಪುಸ್ತಕವು ಮುಗಿಯುತ್ತದೆ. ಯೋನನ ಉತ್ತರವನ್ನು ಬರೆದಿಲ್ಲ. ದನಗಳನ್ನು ಕೊನೆಯ ಮಾತಿನಲ್ಲಿ ಸೇರಿಸಿದುದನ್ನು ಗಮನಿಸಬೇಕು. ನೋಹನ ಕಾಲದಲ್ಲಿ ಮನುಷ್ಯರ ಪಾಪಕ್ಕಾಗಿ ಮುಳುಗಿದ ಮೂಕಪ್ರಾಣಿಗಳು ಇಲ್ಲಿ ಕರುಣೆಗೆ ಕಾರಣವಾಗಿ ಲೆಕ್ಕಕ್ಕೆ ಬಂದಿವೆ.

ಆದರೆ ನಿನೆವೆಯ ತಿರುಗಿಕೊಳ್ಳುವಿಕೆ ಶಾಶ್ವತವಾಯಿತೆಂದು ಹೇಳುವಂತಿಲ್ಲ. ಇತಿಹಾಸದ ನಿನೆವೆಯು ಅಸ್ಸೀರಿಯದ ರಾಜಧಾನಿಯಾಗಿ, ಸುತ್ತಣ ಜನಾಂಗಗಳನ್ನು ಕ್ರೂರವಾಗಿ ತುಳಿದು, ಕ್ರಿಸ್ತಪೂರ್ವ ೬೧೨ರಲ್ಲಿ ಬಾಬಿಲೋನಿನವರ ಮತ್ತು ಮೀಡಿಯದವರ ದಾಳಿಗೆ ಸಿಕ್ಕಿ ಹಾಳಾಯಿತು. ಇಂದಿನ ಇರಾಕಿನ ಮೊಸುಲ್ ನಗರದ ಎದುರಿಗೆ, ಟೈಗ್ರಿಸ್ ನದಿಯ ಆಚೆಯ ದಡದಲ್ಲಿ ಅದರ ದಿಬ್ಬಗಳಿವೆ. ಒಂದು ದಿನ ಬಿಟ್ಟ ಹಿಂಸೆ ಮರುದಿನ ಕೈಗೆ ಬಾರದೆಂಬ ನಿಯಮವಿಲ್ಲ. ಇದನ್ನು ಬಲ್ಲ ಯೆಹೂದ್ಯರು ವರ್ಷಕ್ಕೊಮ್ಮೆ ಬರುವ ತಮ್ಮ ಪ್ರಾಯಶ್ಚಿತ್ತದ ದಿನ, ನೀರನ್ನೂ ಮುಟ್ಟದ ಉಪವಾಸದಲ್ಲಿ, ಇಳಿಹೊತ್ತಿನ ಪ್ರಾರ್ಥನೆಯಲ್ಲಿ ಓದಲು ನೋಹನ ಕಥೆಯನ್ನು ಆರಿಸಿಕೊಳ್ಳಲಿಲ್ಲ, ಯೋನನ ಕಥೆಯನ್ನು ಆರಿಸಿಕೊಂಡರು. ಸಿರಿಯನ್ ಸಂಪ್ರದಾಯದ ಕ್ರೈಸ್ತರೂ ಈಸ್ಟರ್ ಹಬ್ಬದ ಮುಂಚಿನ ದೊಡ್ಡ ಉಪವಾಸಕಾಲಕ್ಕೆ ಕೆಲವು ವಾರ ಮೊದಲು, ನಿನೆವೆಯ ಹೆಸರಿನಲ್ಲಿ ಮೂರು ದಿನ ಉಪವಾಸವಿರುತ್ತಾರೆ. ಮೊಸುಲ್ ಸುತ್ತಣ ಹಳ್ಳಿಗಳಿಂದ ಕೇರಳದವರೆಗೆ, ಆ ಮೂರು ದಿನಗಳ ನೋಂಪಿಯು ಪ್ರತಿ ವರ್ಷವೂ ಮೊದಲಿನಿಂದ ಆರಂಭವಾಗುತ್ತದೆ.